ಎಬ್ಬಿಸಿದವರಿಗೆ ಬೈಕು

ಪಶು ಆಸ್ಪತ್ರೆಯ ಕಾಂಪೌಂಡರಿಗೆ ಬೈಕಿನ ಹುಚ್ಚು ಹಿಡಿದದ್ದು ತಲೆ ನರೆತ ಮೇಲೆ. ಅದೂ ಅಂತಿಂಥ ಬೈಕಲ್ಲ. ಊರಾಚೆ ಮನೆ ಮಾಡಿಕೊಂಡಿದ್ದ ಹಳೆಯ ಲಾರಿ ಡ್ರೈವರನ ಕೊಟ್ಟಿಗೆಯಲ್ಲಿ, ಹಸುವಿನ ಪಕ್ಕದಲ್ಲೇ ಟಾರ್ಪಾಲು ಹೊದ್ದು ನಿಂತಿದ್ದ ಭಾರಿ ಕ್ರೂಸರ್ ಬೈಕು. ಹೋರಿಯ ಕೊಂಬಿನಂತೆ ಹಿಂದಕ್ಕೆ ಬಾಗಿದ ಹ್ಯಾಂಡಲ್, ತುಂಬು ಗಬ್ಬದ ಹಸುವಿನ ಹೊಟ್ಟೆಯಂಥ ಪೆಟ್ರೋಲ್ ಟ್ಯಾಂಕು, ಇಬ್ಬರು ಕೂತರೂ ಮತ್ತೊಬ್ಬರಿಗೆ ಜಾಗ ಉಳಿಯುವಂಥ ಸೀಟು.

ಅದನ್ನು ಅವರು ಮೊದಲು ನೋಡಿದ್ದು ಆ ಹಸು ಕರು ಹಾಕಿದ ದಿನ. ಹೊಟ್ಟೆಯೊಳಗೆ ಕರುವಿನ ತಲೆ ಹಿಂದಕ್ಕೆ ಹೊರಳಿಕೊಂಡಿತ್ತು. ತೋಳುದ್ದ ಕೈ ಒಳಗಿಟ್ಟು ತಲೆ ತಿರುಗಿಸಿ, ಮುಂಗಾಲಿಗೆ ಹಗ್ಗ ಹಾಕಿ ಎಳೆಯುವಾಗ ಬಲಭುಜದೊಳಗೆ ಒಣ ಕಡ್ಡಿ ಮುರಿದಂತೆ ಲಟಕ್ಕೆಂದಿತು. ಕರು ಬಂತು, ಬದುಕಿತು. ಕೈ ತೊಳೆದುಕೊಳ್ಳುತ್ತ ತಲೆ ಎತ್ತಿದರೆ ಟಾರ್ಪಾಲಿನ ಅಂಚಿನಿಂದ ಬೈಕಿನ ಮುಂದಿನ ಚಕ್ರ ಇಣುಕುತ್ತಿತ್ತು.

ಹೀಗೆ ಒಂದೇ ಕೊಟ್ಟಿಗೆಯಲ್ಲಿ ಒಂದೇ ದಿನ ಅವರಿಗೆ ಎರಡು ಅಂಟಿಕೊಂಡವು: ಬೈಕಿನ ಆಸೆ, ಭುಜದ ನೋವು. ಮೊದಲನೆಯದನ್ನು ಹೆಂಡತಿಗೆ ಹೇಳಿದರು. ಎರಡನೆಯದನ್ನು ಯಾರಿಗೂ ಹೇಳಲಿಲ್ಲ.

ಹೇಳಲು ಅಂಜಿಕೆ. ಸುತ್ತಲ ಊರುಗಳಲ್ಲಿ ಅವರನ್ನು ಎಲ್ಲರೂ ಡಾಕ್ಟ್ರೇ ಎಂದೇ ಕರೆಯುತ್ತಿದ್ದುದು ಓದಿಗಲ್ಲ, ಆ ಕೈಗೆ. ಕರು ಅಡ್ಡಬಿದ್ದಿದೆ ಎಂದರೆ ಜನ ಆಸ್ಪತ್ರೆಯ ಬಾಗಿಲಿಗೂ ಹೋಗದೆ ನೇರ ಇವರ ಮನೆಗೆ ಬರುತ್ತಿದ್ದರು. ಕೈ ಹೋದ ಕಾಂಪೌಂಡರನ್ನು ಯಾರು ಕರೆಯುತ್ತಾರೆ? ಆ ದೈತ್ಯ ಬೈಕನ್ನು ಓಡಿಸಿಕೊಂಡು ನಾಲ್ಕು ಜನರ ಮುಂದೆ ಹೋದರೆ ಭುಜಕ್ಕೆ ಏನೂ ಆಗಿಲ್ಲವೆಂದು ಊರಿಗೂ ಗೊತ್ತಾಗುತ್ತದೆ, ಭುಜಕ್ಕೂ ಗೊತ್ತಾಗುತ್ತದೆ ಎಂದು ಅವರ ಮನಸ್ಸಿನಲ್ಲಿ ಒಂದು ಲೆಕ್ಕಾಚಾರ ಕೂತುಬಿಟ್ಟಿತ್ತು.

ಅಂದಿನಿಂದ ಕರುವಿನ ಹೊಕ್ಕುಳು ನೋಡಬೇಕೆಂಬ ನೆವದಲ್ಲಿ ಡ್ರೈವರನ ಮನೆಗೆ ಹೋಗಿಬರುವುದು ನಡೆದೇ ಇತ್ತು. ಹೊಕ್ಕುಳು ಒಣಗಿ ಉದುರಿತು, ಕರು ಹುಲ್ಲು ಮೇಯತೊಡಗಿತು, ಇವರು ಹೊಕ್ಕುಳು ನೋಡುವುದನ್ನು ಮಾತ್ರ ಬಿಡಲಿಲ್ಲ.

ಕೊನೆಗೆ ಡ್ರೈವರನೇ ಕೇಳಿದ. "ಡಾಕ್ಟ್ರೇ, ಕರು ಇನ್ನೇನು ಗಬ್ಬ ಆಗೋ ವಯಸ್ಸಿಗೆ ಬರುತ್ತೆ. ನಿಮ್ಮ ಕಣ್ಣು ಎಲ್ಲಿದೆ ಅಂತ ನಂಗೊತ್ತಿಲ್ವಾ? ನನ್ನ ಮಂಡಿ ಹೋಯ್ತು, ನಾನಿನ್ನು ಅದನ್ನ ಓಡಿಸಲ್ಲ. ಕೊಡೋಕೆ ಅಡ್ಡಿ ಇಲ್ಲ. ಒಂದೇ ಷರತ್ತು."

"ಏನು?"

"ಬೈಕನ್ನ ನೆಲಕ್ಕೆ ಮಲಗಿಸ್ತೀನಿ. ಒಬ್ಬರೇ ಎಬ್ಬಿಸಬೇಕು. ಎಬ್ಬಿಸಿದೋರಿಗೆ ಕೊಡ್ತೀನಿ, ಎಬ್ಬಿಸದೋರಿಗೆ ಚಿನ್ನ ಸುರಿದ್ರೂ ಇಲ್ಲ." ಅವನ ಬೈಕು ಒಮ್ಮೆ ಬಯಲಲ್ಲಿ ಮಗುಚಿತ್ತಂತೆ. ಎತ್ತಲಾಗದೆ, ಬಿಟ್ಟು ಹೋಗಲೂ ಮನಸ್ಸಾಗದೆ, ಅದರ ಪಕ್ಕ ಕಲ್ಲಿನಂತೆ ಕೂತಿದ್ದನಂತೆ, ಯಾರೋ ಕುರಿ ಮೇಯಿಸುವವರು ಬರುವ ತನಕ. "ಆ ಗತಿ ನನ್ನ ಶತ್ರೂಗೂ ಬೇಡ," ಎಂದ.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ. ಗಂಡ ಷರತ್ತಿನ ವಿಷಯ ಹೇಳಿದಾಗ ಹಲ್ಲಿನಲ್ಲಿ ಕಚ್ಚಿದ್ದ ದಾರ ಬಿಡದೆಯೇ ಕೇಳಿದಳು:

"ನಮ್ಮ ಕುಂಟ ಮೇಕೆ ಏನು ತಪ್ಪು ಮಾಡ್ತು?"

ಕುಂಟ ಮೇಕೆ ಎಂದರೆ ಅವರ ಮೊಪೆಡ್ಡು. ಅದರ ಕೆಮ್ಮು ಕೇಳಿಯೇ ಹಟ್ಟಿಯ ದನಗಳು ಸೂಜಿ ಬಂತೆಂದು ಹಗ್ಗ ಜಗ್ಗುತ್ತಿದ್ದವು.

"ಅದು ತಪ್ಪು ಮಾಡಿಲ್ಲ ಕಣೇ. ನಾವೂ ಒಂದು ಸಲ ನೆಟ್ಟಗೆ ಕೂತು ಹೋಗೋಣ ಅಂತ. ಮದುವೆಗೆ ಹೋದ್ರೂ ಔಷಧಿ ಪೆಟ್ಟಿಗೆ ತೊಡೆ ಮೇಲಿಟ್ಕೊಂಡು ತುದೀಲಿ ಕೂತ್ಕೋತೀಯ."

"ಅಬ್ಬಾ, ಇಷ್ಟು ವರ್ಷಕ್ಕೆ ಕಣ್ಣಿಗೆ ಬಿತ್ತಲ್ಲ!" ಎಂದು ದಾರ ತುಂಡರಿಸಿದಳು. ಆಮೇಲೆ ಗಂಡನ ಮುಖ ನೋಡದೆ ಕೇಳಿದಳು. "ಎಬ್ಬಿಸ್ತೀರಾ?"

"ಎಬ್ಬಿಸದೆ ಏನು? ಎಂತೆಂಥ ಹಸು ಎಬ್ಬಿಸಿದ್ದೀನಿ."

"ಹಾಗಾದ್ರೆ ಭಾನುವಾರ ನಾನೂ ಬರ್ತೀನಿ. ನಿಮಗೆ ಹೊಸದಾಗಿ ಹೊಲಿದಿಟ್ಟಿರೋ ಅಂಗಿ ಅವತ್ತು ಹಾಕ್ಕೊಳ್ಳಿ."

ಭಾನುವಾರ ಹಾಕಿಕೊಂಡ ಹೊಸ ಅಂಗಿ ಹಿತವಾಗಿತ್ತು. ತೋಳು ತೂರಿಸುವಾಗ ಎಂದಿನಂತೆ ಭುಜ ಚುಚ್ಚಲಿಲ್ಲ. ನೋವು ಇಳಿಯುತ್ತಿದೆ, ಇದೇ ಶುಭಶಕುನ ಎಂದುಕೊಂಡು ಅವರು ಮೊಪೆಡ್ಡು ಹತ್ತಿದರು.

ಡ್ರೈವರ ಅಂಗಳದಲ್ಲಿ ಗೋಣಿಚೀಲ ಹಾಸಿ ಬೈಕನ್ನು ಎಡಮಗ್ಗುಲಿಗೆ ಮಲಗಿಸಿಟ್ಟಿದ್ದ. ನಿಂತಾಗ ರಾಜನಂತಿದ್ದದ್ದು ಮಲಗಿದಾಗ ಸೋತ ಎಮ್ಮೆಯಂತೆ ಕಾಣುತ್ತಿತ್ತು.

"ನೆಟ್ಟಗಾದ ಮೇಲೆ ಕಾಲಲ್ಲಿ ಸೈಡ್ ಸ್ಟ್ಯಾಂಡ್ ತಳ್ಳಿಬಿಡಿ, ಡಾಕ್ಟ್ರೇ. ಮರೀಬೇಡಿ," ಎಂದ.

"ಹ್ಞೂಂ, ಹ್ಞೂಂ."

ಕಾಂಪೌಂಡರು ಮೊದಲು ಹ್ಯಾಂಡಲ್ ಹಿಡಿದು ಎದುರಿನಿಂದ ಎಳೆದರು. ಭುಜ ಕಿಡಿ ಕಾರಿತು. ಬೈಕು ಕದಲಲಿಲ್ಲ. ಹಣೆಯಲ್ಲಿ ಬೆವರು ಒಡೆಯಿತು. ಹೆಂಡತಿ ಕಟ್ಟೆಯ ಮೇಲೆ ಪೆಟ್ಟಿಗೆ ಹಿಡಿದು ಕೂತು, ಬಾಯಿ ಬಿಗಿದುಕೊಂಡು ನೋಡುತ್ತಿದ್ದಳು.

ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅವರಿಗೆ ತಮ್ಮ ಕಸುಬು ನೆನಪಾಯಿತು. ಕರು ಹಾಕಿ ಸುಸ್ತಾಗಿ ಬಿದ್ದ ಹಸುವನ್ನು ಯಾರೂ ಕೈಯಿಂದ ಎತ್ತುವುದಿಲ್ಲ. ಅದಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಸೊಂಟಕ್ಕೆ ಸೊಂಟ ಆನಿಸಿ, ತೊಡೆಯ ಬಲದಿಂದ ಏಳಬೇಕು. ಹಾಗೇ ಮಾಡಿದರು. ಬೈಕಿಗೆ ಬೆನ್ನು ತಿರುಗಿಸಿ, ಸೀಟಿಗೆ ಸೊಂಟ ಒತ್ತಿ, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಕಂಬಿಗೆ ಕೊಟ್ಟು, ಉಸಿರು ಕಟ್ಟಿ, ಕಾಲೂರಿ ಹಿಂದಕ್ಕೆ ಒತ್ತುತ್ತ ಎದ್ದರು. ಗೋಣಿಚೀಲ ಸರಕ್ಕೆಂದಿತು. ಬೈಕು ಎದ್ದಿತು. ಎದ್ದೇಬಿಟ್ಟಿತು!

"ಭಲೇ!" ಎಂದ ಡ್ರೈವರ.

ಹಸು ಎಬ್ಬಿಸುವವರಿಗೆ ಇನ್ನೊಂದು ನಿಯಮವಿದೆ. ನಾಲ್ಕು ಕಾಲು ನೆಲಕ್ಕೆ ಸಿಕ್ಕ ಕ್ಷಣವೇ ಬಿಟ್ಟು ಸರಿಯಬೇಕು. ಆಸರೆ ಕೊಡುತ್ತಲೇ ಇದ್ದರೆ ಅದು ಮೈಯೆಲ್ಲ ನಮ್ಮ ಮೇಲೆ ಹಾಕಿ ಮತ್ತೆ ಕುಸಿಯುತ್ತದೆ. ಬಿಟ್ಟರೆ ಮಾತ್ರ ತನ್ನ ಕಾಲನ್ನು ತಾನು ನಂಬುತ್ತದೆ. ಜೀವಮಾನವಿಡೀ ಮಾಡಿದ ಕೆಲಸ, ಕೈಗೆ ಯಾರೂ ಹೇಳಬೇಕಾಗಿರಲಿಲ್ಲ. ಕಾಂಪೌಂಡರು ಸೀಟಿನ ಮೇಲೆ ಪಟಾರನೆ ಒಂದು ಏಟು ಕೊಟ್ಟು, "ಹ್ಹೈ, ನಡಿ!" ಎಂದು ಪಕ್ಕಕ್ಕೆ ಸರಿದುಬಿಟ್ಟರು.

ಬೈಕು ಒಂದು ಕ್ಷಣ ಯೋಚಿಸಿದಂತೆ ನಿಂತಿತು. ಆಮೇಲೆ ಬಲಮಗ್ಗುಲಿಗೆ, ಗೋಣಿಚೀಲವಿಲ್ಲದ ಕಡೆಗೆ, ಧೊಪ್ಪೆಂದು ಉರುಳಿತು. ಕನ್ನಡಿ ಪುಡಿಯಾಯಿತು. ಕೊಟ್ಟಿಗೆಯ ಕರು ಹೆದರಿ ತಾಯಿಯ ಹಿಂದೆ ಅಡಗಿತು.

ಮೊದಲು ನಕ್ಕವಳು ಹೆಂಡತಿ. ತಡೆದುಕೊಳ್ಳಲು ಸೆರಗು ಬಾಯಿಗಿಟ್ಟರೂ ನಗು ಮೂಗಿನಿಂದ ಬಂತು. "ಹ್ಹೈ ಅಂತೆ! ನಡಿ ಅಂತೆ! ಅದು ನಡೆದು ಎಲ್ಲಿಗೆ ಹೋಗ್ಬೇಕಿತ್ತು, ಗೋದಲಿಗಾ?"

ಡ್ರೈವರ ಮಂಡಿ ಹಿಡಿದುಕೊಂಡೇ ನಕ್ಕ. ಕಾಂಪೌಂಡರೂ ನಗಲು ನೋಡಿದರು, ಆಗಲಿಲ್ಲ. ಸುಮ್ಮನೆ ಹೋಗಿ ಮತ್ತೆ ಬೆನ್ನು ಕೊಟ್ಟು ಕೂತರು. ಈ ಸಲ ಬಲಗೈ ಹಿಂದಿನ ಕಂಬಿಯ ತನಕವೂ ಹೋಗಲಿಲ್ಲ. ಅರ್ಧಕ್ಕೇ ನಿಂತುಬಿಟ್ಟಿತು. ಕಣ್ಣಲ್ಲಿ ನೀರು ಬಂತು.

ಹೆಂಡತಿ ಪೆಟ್ಟಿಗೆ ಕೆಳಗಿಟ್ಟು ಎದ್ದು ಬಂದಳು. ಗಂಡನ ಬಲಕ್ಕೆ, ಅವರಂತೆಯೇ ಬೆನ್ನು ಕೊಟ್ಟು ಕೂತು, ಅವರ ಕೈ ಮುಟ್ಟದ ಕಂಬಿಯನ್ನು ತಾನು ಹಿಡಿದಳು.

"ತಂಗೀ, ಒಬ್ಬರೇ ಅಂತ ಷರತ್ತು," ಎಂದ ಡ್ರೈವರ, ಮೆಲ್ಲಗೆ.

"ದಾರೀಲಿ ಬೈಕು ಬಿದ್ದಾಗ ನಾನೂ ಹಿಂದೆ ಕೂತಿರ್ತೀನಲ್ಲ ಅಣ್ಣ. ಬಿದ್ದು ಎದ್ದು ಸೆರಗು ಕೊಡವಿಕೊಂಡು ನಿಂತಿರ್ಲಾ?" ಎಂದು ಗಂಡನ ಕಡೆ ತಿರುಗಿದಳು. "ಹ್ಞೂಂ, ಏಳಿ. ಕೈ ಎತ್ತಬೇಡಿ. ಕಾಲಲ್ಲಿ ಏಳಿ."

"ಕೈಗೆ..." ಎಂದರು ಕಾಂಪೌಂಡರು. "ಈ ಕೊಟ್ಟಿಗೇಲೇ ಆಯ್ತು. ಕರು ಎಳೀವಾಗ. ಎತ್ತೋಕೇ ಆಗಲ್ಲ ಕಣೇ."

"ಗೊತ್ತು."

"ಗೊತ್ತು ಅಂದ್ರೆ?"

"ಅಂಗಿ ಅಳತೆ ತೆಗೆಯೋಳು ನಾನು. ಬಲಗಡೆ ಭುಜ ಇಳಿದಿದ್ದು ನಂಗೆ ಕಾಣ್ಸಲ್ವಾ? ಈ ಅಂಗೀಲಿ ಬಲಗಂಕುಳು ಯಾಕೆ ಸಡಿಲ ಬಿಟ್ಟೆ ಅಂದ್ಕೊಂಡ್ರಿ, ಬಟ್ಟೆ ಜಾಸ್ತಿ ಇತ್ತು ಅಂತಲಾ? ನೀವೇ ಹೇಳ್ತೀರ ಅಂತ ಕಾದೆ."

ಕಾಂಪೌಂಡರು ಕಾಲೂರಿದರು. ಇಬ್ಬರೂ ಒಟ್ಟಿಗೆ ಉಸಿರು ಕಟ್ಟಿ ಎದ್ದರು. ಬೈಕು ನೆಟ್ಟಗಾಯಿತು. ಕುಂಟುತ್ತ ಬಂದ ಡ್ರೈವರ ಆ ಬದಿಯಿಂದ ಹಿಡಿದು ತಾನೇ ಸ್ಟ್ಯಾಂಡ್ ತಳ್ಳಿದ.

"ನನ್ನ ಮಾತು ಮಾತೇ," ಎಂದ ಅವನು. "ಮೊದಲನೇ ಸಲ ಒಬ್ಬರೇ ಎಬ್ಬಿಸಿದ್ರಿ. ಬೇಕಾದ್ರೆ ಬೈಕು ನಿಮ್ಮದು."

ಕಾಂಪೌಂಡರು ಒಡೆದ ಕನ್ನಡಿಯ ಚೂರುಗಳನ್ನು ಕರುವಿನ ಕಾಲಿಗೆ ಸಿಗದಂತೆ ಒಂದೊಂದಾಗಿ ಆರಿಸಿ ಎಲೆಯ ಮೇಲಿಟ್ಟರು. ಆಮೇಲೆ ಹೇಳಿದರು:

"ಬೇಡ ಡ್ರೈವರಣ್ಣ. ನೀವು ಸ್ಟ್ಯಾಂಡ್ ಅಂತ ಬಾಯಿಬಿಟ್ಟು ಹೇಳಿದ್ರೂ ನನ್ನ ಕೈ ಕೇಳಲಿಲ್ಲ. ಎಬ್ಬಿಸಿ ಬಿಡೋದಷ್ಟೇ ಅದಕ್ಕೆ ಗೊತ್ತು. ಇದು ಎದ್ದ ಮೇಲೂ ಹಿಡ್ಕೊಂಡೇ ಇರಬೇಕಾದ ಪ್ರಾಣಿ. ಅದಕ್ಕೆ ಎರಡು ಗಟ್ಟಿ ಭುಜ ಬೇಕು. ಕನ್ನಡಿ ನಾನು ಹಾಕಿಸಿಕೊಡ್ತೀನಿ."

ಹೇಳಿದ ಮೇಲೆ ಎದೆ ಹಗುರಾಯಿತು ಎನ್ನುವಂತಿಲ್ಲ. ಬೇಸರವೇ ಆಯಿತು. ಆದರೆ ಭುಜದ ಮಾತು ಬಾಯಿಂದ ಹೊರಬಿದ್ದಿತ್ತು. ಇನ್ನು ಬಚ್ಚಿಡುವ ಕೆಲಸವಿರಲಿಲ್ಲ.

ಡ್ರೈವರ ಬೀಗದ ಕೈ ಚಾಚಿದ. "ಕೊಳ್ಳದಿದ್ರೆ ಬೇಡ. ತಂಗೀನ ಕೂರಿಸ್ಕೊಂಡು ಒಂದು ಸುತ್ತು ಹೋಗಿಬನ್ನಿ. ಓಡೋವಾಗ ಅದು ಭಾರವೇ ಇಲ್ಲ, ನಿಂತಾಗಷ್ಟೇ."

ಹೋದರು. ಬೈಕಿನ ಸದ್ದು ನೆಲದೊಳಗಿಂದ ಬಂದಂತಿತ್ತು. ಹೆಂಡತಿಯ ತೊಡೆಯ ಮೇಲೆ ಪೆಟ್ಟಿಗೆಯಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ಸ್ವಲ್ಪ ದೂರ ತಿಳಿಯದೆ, ಕೊನೆಗೆ ಗಂಡನ ಸೊಂಟಕ್ಕೆ ಹಾಕಿದಳು. ಕಾಲುವೆಯ ಏರಿಯ ಮೇಲೆ ಹೋಗುವಾಗ ಹೊಲದವರು ತಲೆ ಎತ್ತಿ ನೋಡಿದರು. ಯಾರೂ ಗುರುತು ಹಿಡಿಯಲಿಲ್ಲ; ಕುಂಟ ಮೇಕೆಯ ಕೆಮ್ಮಿಲ್ಲದೆ ಅವರು ಡಾಕ್ಟರಾಗಿರಲಿಲ್ಲ.

ಗಾಳಿಯಲ್ಲಿ ಅವಳು ಕೂಗಿ ಹೇಳಿದಳು, "ಇನ್ಮೇಲೆ ಕರು ಎಳೆಯೋಕೆ ಕರೆದ್ರೆ ನಾನೂ ಬರ್ತೀನಿ! ಹಗ್ಗ ನಾನು ಹಿಡೀತೀನಿ!"

"ಹಸು ಒದೆಯುತ್ತೆ!"

"ನೀವು ಹೇಳಿಕೊಡಿ, ಎಲ್ಲಿ ನಿಲ್ಲಬೇಕು ಅಂತ!"

ಅಂಗಳಕ್ಕೆ ವಾಪಸು ಬಂದು ಅವಳು ಇಳಿದ ಮೇಲೆ ಕಾಂಪೌಂಡರು ಕಾಲಲ್ಲಿ ಸ್ಟ್ಯಾಂಡ್ ತಳ್ಳಿದರು. ಬಗ್ಗಿ ನೋಡಿದರು. ಬೈಕನ್ನು ಮೆಲ್ಲಗೆ ಅದರ ಮೇಲೆ ಒರಗಿಸಿದರು. ಇಳಿದರೂ ಎಡಗೈಯನ್ನು ಮಾತ್ರ ಬಿಸಿ ಟ್ಯಾಂಕಿನ ಮೇಲಿಂದ ತೆಗೆಯಲಿಲ್ಲ.

ಹೆಂಡತಿ ಔಷಧಿ ಪೆಟ್ಟಿಗೆ ಎತ್ತಿಕೊಂಡು ಮೊಪೆಡ್ಡಿನ ಹತ್ತಿರ ಕಾಯುತ್ತಿದ್ದಳು.

"ನಿಂತಿದೆ ರೀ," ಎಂದಳು. "ಬಿಡಿ."