ಕ್ಯಾಸಂಬಳ್ಳಿ ಸುಮಿತಾ

ಶ್ರುತಿಪೆಟ್ಟಿಗೆ ಗುಂಯ್ ಅನ್ನುತ್ತಿದೆ, ಮೈಕಿನ ತಲೆಗೆ ಸುತ್ತಿದ ಬಟ್ಟೆಯಲ್ಲಿ ಯಾರದೋ ಎಲೆಅಡಿಕೆಯ ವಾಸನೆ, ಸುಮಿತಾ ಮುಖವನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡಳು — ಬಂಗಾರಪೇಟೆಯ ಈ ಭಜನೆಮನೆಯಲ್ಲಿ ಅವಳ ಮೊದಲ ಕಾವ್ಯವಾಚನ, ಪಕ್ಕದಲ್ಲಿ ಪದ್ಯಕ್ಕೆ ಅರ್ಥ ಹೇಳುವ ಶ್ರೀನಿವಾಸಪ್ಪನವರು ಸಭೆಗೆ ಅವಳ ಪರಿಚಯ ಹೇಳುತ್ತಿದ್ದಾರೆ, ಕ್ಯಾಸಂಬಳ್ಳಿ ಸುಮಿತಾ, ಷಟ್ಪದಿ ಓದೋದ್ರಲ್ಲಿ ಹೆಸರಾಗಿದ್ದ ಅಶ್ವತ್ಥಪ್ಪನವರ ಮೊಮ್ಮಗಳು, ಆ ದನಿಯ ಎಳೆತ ಕೇಳಿ, ತಾತನದೇ — ಅಲ್ಲ, ಪದ್ಯ ತಾತನದು, ಎಳೆತ ಅಪ್ಪನದು, ಕೋರಮಂಡಲ್ ಗಣಿಕೆಲಸದವರ ಲೈನಿನ ಮನೆಯಲ್ಲಿ ಗಣಿ ಮುಚ್ಚಿದ ಮೇಲೂ ಬಿಡದೆ ಬೆಳಗಾದರೆ ಮುರುಗನ ಪಟದ ಮುಂದೆ ನಿಂತು ತಮಿಳಿನಲ್ಲಿ ಹಾಡುವ ಅಪ್ಪ, ಕೊನೆಯ ಅಕ್ಷರವನ್ನು ಬಾವಿಗೆ ಹಗ್ಗ ಬಿಟ್ಟಂತೆ ಇಳಿಬಿಡುವ ಅಪ್ಪ ಸೆಲ್ವರಾಜ್, ಹಾಸಿಗೆಯಲ್ಲೇ ಕೇಳಿ ಕೇಳಿ ಗಂಟಲಿಗೆ ಬಂದದ್ದು ಅದು, ಆದರೂ ಅವಳ ತಲೆ ಹೌದು ಹೌದೆಂದು ಆಡಿತು, ಸಭೆ ಚಪ್ಪಾಳೆ ತಟ್ಟಿತು, ಕಿವಿಯ ತುದಿ ಸುಡುತ್ತಿದೆ.

ಬರೀ ಸುಮಿತಾ ಅಂದ್ರೆ ಯಾರು ಅಂತ ತಿಳೀಬೇಕಮ್ಮ, ಜೊತೆಗೇನಾದ್ರೂ ಸೇರಿಸ್ಕೊಳ್ಳಿ, ಬ್ಯಾನರ್‌ಗೆ ಕೊಡ್ಬೇಕು, ಎಂದು ಫೋನಿನಲ್ಲಿ ಕೇಳಿದವರು ಶ್ರೀನಿವಾಸಪ್ಪನವರೇ, ಅವಳು ಆ ಸಂಜೆ ಮುದ್ದೆ ತಿರುವುತ್ತ ತಿರುವುತ್ತ ಹೆಸರುಗಳನ್ನು ಬಾಯಲ್ಲಿ ಹೊರಳಿಸಿದಳು, ಕೋರಮಂಡಲ್ ಸುಮಿತಾ, ಸೆಲ್ವಸುಮಿತಾ, ಆಮೇಲೆ ಕ್ಯಾಸಂಬಳ್ಳಿ ಸೆಲ್ವಸುಮಿತಾ — ಅಮ್ಮನ ಊರು, ಅಪ್ಪನ ಹೆಸರು, ಒಂದೇ ಉಸಿರಿಗೆ, ಹಾಡಿನ ಸಾಲಿನಂತೆ, ಕೂಗಿ ಹೇಳಿಯೂಬಿಟ್ಟಳು, ಅಪ್ಪ ನಕ್ಕು ನಕ್ಕು ಕೆಮ್ಮಿದ, ನಿಮ್ಮ ತಾತ ನನ್ನ ಜಗಲೀನೇ ಅತ್ತುಸ್ಲಿಲ್ಲ, ನನ್ ಕಣ್ಣು, ಈಗ್ ನೋಡು, ಅವರೂರಿನ ಪಕ್ಕದಾಗೇ ಕುಂತ್ಕಂಡೆ, ಅಮ್ಮ ಒಲೆಯ ಮುಂದಿನಿಂದಲೇ, ಕುಂತ್ಕ ಕುಂತ್ಕ, ಅಲ್ಲಾದ್ರೂ ಬೀಡಿ ಸೇದ್ಬ್ಯಾಡ. ಮಾರನೆಯ ದಿನ ಅಪ್ಪ ಲೈನಿನ ಹತ್ತು ಮನೆಗೆ ಹೇಳಿಕೊಂಡು ಬಂದಿದ್ದ, ಬ್ಯಾನರ್‌ನಾಗೆ ನನ್ ಹೆಸ್ರೂ ಬತ್ತದೆ. ಅದೇ ದಿನ ಅವಳು ಶ್ರೀನಿವಾಸಪ್ಪನವರಿಗೆ ಫೋನಿನಲ್ಲಿ ಕ್ಯಾಸಂಬಳ್ಳಿ ಎಂದಳು, ಸೆಲ್ವ ಅನ್ನುವುದನ್ನು ಅಲ್ಲೇ ಬಿಟ್ಟಳು, ಕನ್ನಡ ಕಾವ್ಯ ಓದೋಳಿಗೆ ಇದೆಂಥ ಹೆಸರು ಅಂದಾರು — ಯಾರೂ ಅಂದಿರಲಿಲ್ಲ, ಅವಳಿಗೆ ಅವಳೇ ಅಂದುಕೊಂಡದ್ದು, ಸುಮಿತಾ, ಅಷ್ಟೇ ಹಾಕಿ ಸಾರ್. ಮನೆಯಲ್ಲಿ ಹೇಳಲಿಲ್ಲ. ಹೇಳುತ್ತೇನೆ ಹೇಳುತ್ತೇನೆ ಎನ್ನುತ್ತಲೇ ಈ ದಿನ ಬಂತು, ಅಮ್ಮ ತವರಿನಿಂದ ಬಸ್ಸಿನಲ್ಲಿ ನೇರ ಬಂದು ಒಳಗೆ ಕೂತಿದ್ದಳು, ಅಪ್ಪನೂ ಅವಳೂ ರೈಲಿನಲ್ಲಿ, ಇಸ್ತ್ರಿಯ ಬಿಳಿ ಅಂಗಿ ಮುದುರೀತೆಂದು ಅಪ್ಪ ಸೀಟಿಗೆ ಒರಗಲೂ ಇಲ್ಲ.

ಬಾಗಿಲಲ್ಲೇ ಬ್ಯಾನರು, ಅಪ್ಪನ ಕನ್ನಡ ಒಂದೊಂದೇ ಅಕ್ಷರದ್ದು, ಕ್ಯಾ, ಸಂ, ಬ, ಳ್ಳಿ, ಬೆರಳು ಮುಂದಕ್ಕೆ ಹೋಯಿತು, ಸು, ಮಿ, ತಾ, ಬೆರಳು ಕೆಳಗಿನ ಸಾಲಿಗೆ ಇಳಿಯಿತು, ಅಲ್ಲಿ ಸಮಯ ಬರೆದಿತ್ತು, ಮತ್ತೆ ಮೇಲಿನಿಂದ ಓದಿದ, ನಲ್ಲಾ ಇರುಕ್ಕು ಕಣ್ಣು, ಚೆನ್ನಾಗೈತೆ, ಎಂದ, ಅವಳ ಮುಖ ನೋಡಲಿಲ್ಲ. ಆಗಲೇ ಶ್ರೀನಿವಾಸಪ್ಪನವರು ಹೊರಗೆ ಬಂದು, ಬನ್ನಿ ಬನ್ನಿ, ಇವರು ಯಾರಮ್ಮ, ಎಂದರು, ಅವಳು ಬಾಯಿ ತೆರೆದಳು — ತೆರೆದದ್ದು ನಿಜ, ದೇವರಾಣೆ — ಅಷ್ಟರೊಳಗೆ ಅಪ್ಪ ಕೈಮುಗಿದು, ಪಕ್ಕದ್ ಮನೆಯೋನು ಸಾಮಿ, ಎಣ್ ಮಗ ಒಬ್ಳೇ ಬತ್ತಾಳಂತ ಜೊತ್ಗೆ ಬಂದೆ. ಸರಿ, ಹಿಂದೆ ಕೂತ್ಕೊಳ್ಳಿ, ಮುಂದಿನ ಸಾಲು ಮನೆಯವರದು. ಅಪ್ಪ ಹೋದ, ಅವಳು ಸೆರಗು ಸರಿಮಾಡಿಕೊಂಡಳು, ಸೆರಗು, ಆ ಹೊತ್ತಿನಲ್ಲಿ, ಸೆರಗು.

ಈಗ ಅಪ್ಪ ಚಪ್ಪಲಿಗಳ ಪಕ್ಕ ಗೋಡೆಗೊರಗಿ ಕಣ್ಣುಮುಚ್ಚಿ ಕೂತಿದ್ದಾನೆ, ಅಂಗಿ ಮುದುರಿದರೆ ಮುದುರಲಿ ಎಂಬಂತೆ, ಮುಂದಿನ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ಖಾಲಿ ಕುರ್ಚಿ, ಕುರ್ಚಿಯ ಮೇಲೆ ಅಮ್ಮನ ಅಂಗೈ. ಶುರು ಮಾಡಮ್ಮ, ಶ್ರೀನಿವಾಸಪ್ಪನವರು ಮೈಕನ್ನು ಅವಳ ಕಡೆ ಸರಿಸಿದರು. ಇಲ್ಲೇ ಇದೆ ಮೈಕು, ಅಪ್ಪಾ ಮುಂದಕ್ಕೆ ಬಾ ಅಂದರೆ ಮುಗಿಯಿತು, ಪದ್ಯಕ್ಕಿಂತ ಸುಲಭ, ಕುರ್ಚಿಯ ಮೇಲೆ ಅಮ್ಮನ ಅಂಗೈ, ಕರೆದರೆ ಆಮೇಲೆ ಪಕ್ಕದ ಮನೆಯವನು ಅಂದದ್ದೇಕೆ ಎಂದು ಕೇಳುತ್ತಾರೆ, ಕೇಳಲಿ, ತಡವಾಗಿ ಬಂದವನೊಬ್ಬ ಆ ಕುರ್ಚಿಗೆ ಬಗ್ಗಿದ, ಇಲ್ಲ ಕಣಪ್ಪ, ನಮ್ ಯಜಮಾನ್ರು ಬತ್ತಾರೆ, ಅಮ್ಮ ಬಾಗಿಲ ಕಡೆಗೊಮ್ಮೆ ಕತ್ತು ಹೊರಳಿಸಿದಳು, ಬಿಳಿ ಅಂಗಿ ಕಂಬದ ಮರೆಗೆ ಸರಿಯಿತು, ಶ್ರುತಿ ಕಾಯುತ್ತಿದೆ, ಶುರು ಮಾಡಮ್ಮ, ಮೊದಲ ಪದ್ಯದ ಮೊದಲ ಮಾತು ಯಾವುದು, ಅಮ್ಮನ ಅಂಗೈ, ಖಾಲಿ ಕುರ್ಚಿ, ಅಂಗೈ