ಬೆನ್ನ ಹಿಂದಿನ ದನಿ

"ಎಡಗಡೆ, ಕೆಂಪು ಸ್ವೆಟರ್. ಬಣ್ಣದಂಗಡಿ ವಾಲ್ಟ್," ಎಂದು ಮಾರ್ಲೀನ್ ತುಟಿ ಅಲುಗಿಸದೆ ಗಂಡನ ಬೆನ್ನಿಗೆ ಹೇಳಿದಳು.

"ಏನಪ್ಪಾ ವಾಲ್ಟ್, ವ್ಯಾಪಾರ ಹೇಗಿದೆ?" ಡೆನ್ನಿ ಕೈ ಚಾಚಿದ.

ಈಸ್ಟರಿಗೆ ಮುಂಚಿನ ಶುಕ್ರವಾರಗಳ ಮೀನೂಟ. ಚರ್ಚಿನ ನೆಲಮಾಳಿಗೆಯ ತುಂಬ ಕರಿದ ಎಣ್ಣೆಯ ವಾಸನೆ. ತಟ್ಟೆ ಹಿಡಿದು ಅವನ ಬಲಭುಜದ ಹಿಂದೆ ನಿಲ್ಲುವುದು ಅವಳಿಗೀಗ ರೂಢಿ. ಅವನು ಅಮೆರಿಕನ್ ಫುಟ್‌ಬಾಲಿನ ದೊಡ್ಡ ತಂಡದಲ್ಲಿ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿದ್ದಾಗ ಹೆಲ್ಮೆಟ್ಟಿನೊಳಗೆ ಕೋಚ್‌ನ ದನಿ ಬರುತ್ತಿತ್ತು. ಮುಂದಿನ ಪಟ್ಟು ಯಾವುದೆಂದು ಹೇಳಿ, ಚೆಂಡು ಕೈಗೆ ಬರುವ ಮೊದಲೇ ಕಡಿದುಹೋಗುತ್ತಿತ್ತು. ಆಮೇಲೆ ಅವನ ತಲೆಯೇ ಅವನಿಗೆ ದಿಕ್ಕು. ಈಗ ಆ ತಲೆಯಲ್ಲಿ ಏನೂ ನಿಲ್ಲುವುದಿಲ್ಲ. "ಯಾರಿಗೂ ಗೊತ್ತಾಗಬಾರದು, ಮಾರ್ಲೀ," ಎಂದು ಬಚ್ಚಲಿನ ನೆಲದ ಮೇಲೆ ಕೂತು ಅತ್ತಿದ್ದ.

"ಬಂತು ನೋಡಿ ಬಾಲ!" ಬಡಿಸುತ್ತಿದ್ದ ಡಾಟ್ ನಕ್ಕಳು. "ಒಂದು ಸಂಜೆಯಾದ್ರೂ ಗಂಡನ್ನ ಬಿಟ್ಟಿರೇ!"

"ಬಿಟ್ರೆ ನೀನು ಹಾರಿಸ್ಕೊಂಡು ಹೋಗ್ತೀಯಲ್ಲ."

ಆಗಲೇ ಬಾಗಿಲು ತುಂಬಿಕೊಂಡು ಗಸ್ ಬಂದ. ಒಂಬತ್ತು ವರ್ಷ ಡೆನ್ನಿಯ ಮುಂದೆ ಬಗ್ಗಿ ನಿಂತು, ಕಾಲ ಸಂದಿಯಿಂದ ಅವನ ಕೈಗೆ ಚೆಂಡು ಕೊಟ್ಟವನು. ಇವನ ಹೆಸರೂ ಬೇಕೇ ಎಂದು ಮಾರ್ಲೀನ್ ಸುಮ್ಮನಿದ್ದಳು.

"ನಮಸ್ಕಾರ. ಯಾವೂರಾಯ್ತು ತಮ್ದು?" ಡೆನ್ನಿ ಕೇಳಿದ.

ಗಸ್ ಗಹಗಹಿಸಿದ: "ಒಂಬತ್ತು ವರ್ಷ ನನ್ನ ಕುಂಡಿ ನೋಡ್ಕೊಂಡು ನಿಂತಿದ್ದವನಿಗೆ ಮುಖ ಹೆಂಗೋ ಗೊತ್ತಾಗುತ್ತೆ!"

ಎಲ್ಲರೂ ನಕ್ಕರು. ಡೆನ್ನಿ ತಡವಾಗಿ ನಕ್ಕ. ಗಸ್‌ನ ಕಣ್ಣು ಮಾತ್ರ ನಗದೆ ಮಾರ್ಲೀನಳ ಮೇಲೆ ನಿಂತಿತು. ಅವಳು ತಟ್ಟೆ ನೋಡಿದಳು.

ಅಷ್ಟರಲ್ಲಿ ಶಾಲಾ ತಂಡ ನೋಡಿಕೊಳ್ಳುವ ರಾಯ್ ಮೈಕು ಹಿಡಿದ. "ಆಗಸ್ಟಿನಿಂದ ನಮ್ಮ ಹುಡುಗ್ರಿಗೆ ಡೆನ್ನಿನೇ ಕೋಚು! ತಲೆಗೆ ಎಷ್ಟು ಏಟು ಬಿದ್ರೂ ಕೊಡವ್ಕೊಂಡು ಎದ್ದವನು. ಇವ್ರನ್ನೂ ಹಂಗೇ ಮಾಡಪ್ಪಾ. ತಗೋ, ಎರಡು ಮಾತಾಡು."

ಚಪ್ಪಾಳೆ. ಮೂಲೆಯ ಮೇಜಿನಲ್ಲಿದ್ದ ಶಾಲಾ ತಂಡದ ಹುಡುಗರು ಸಿಳ್ಳೆ ಹೊಡೆದರು. ಮೈಕು ಹಿಡಿದ ಡೆನ್ನಿಯ ಕಣ್ಣು ಮುಖದಿಂದ ಮುಖಕ್ಕೆ ಹಾಯ್ದು ಎಲ್ಲೂ ನಿಲ್ಲಲಿಲ್ಲ. ಅವನು ಮೆಲ್ಲನೆ ಹಿಂದಕ್ಕೆ, ಅವಳತ್ತ ವಾಲಿದ. ಗದ್ದಲದ ಮೈದಾನದಲ್ಲಿ ಕೋಚ್‌ನ ದನಿಗಾಗಿ ಮಾಡುತ್ತಿದ್ದಂತೆ ಅಂಗೈಯನ್ನು ಕಿವಿಗೆ ಒತ್ತಿ ಹಿಡಿದು ಕಾದ.

ಹೇಳಿಕೊಡಬೇಕಾದ ಸಾಲು ಬೆಳಗಿನಿಂದ ಅವಳ ನಾಲಿಗೆಯ ಮೇಲೆಯೇ ಇತ್ತು.

ಮಾರ್ಲೀನ್ ಮೂಲೆಯ ಹುಡುಗರ ತಲೆಗಳನ್ನೊಮ್ಮೆ ನೋಡಿ, ತಣ್ಣಗಾದ ಮೀನಿನ ದೊಡ್ಡ ತುಂಡನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿಯತೊಡಗಿದಳು.