ತಪಾಸಣೆಗೆ ನೆಟ್ಟ ಕಾಡು

"ಗಟ್ಟಿಯಾಗಿ ತುಳೀರೇ, ಮುಂಡೇವಾ! ಗಾಳಿಗೆ ಒಂದು ಬಿದ್ರೂ ಆ ಗುಂಡೀಲಿ ನಿಮ್ಮನ್ನೇ ಹೂಳ್ತೀನಿ!"

ಮೇಸ್ತ್ರಿ ಕೂಗುತ್ತಿದ್ದ. ಇಪ್ಪತ್ತು ಹೆಂಗಸರು ರಸ್ತೆ ಬದಿಯ ಮರಗಳಿಂದ ಬೆಳಗ್ಗೆ ಕಡಿದು ತಂದ ಕೊಂಬೆಗಳನ್ನು ಗುಡ್ಡದ ಗುಂಡಿಗಳಲ್ಲಿ ನಿಲ್ಲಿಸಿ ಮಣ್ಣು ತುಳಿಯುತ್ತಿದ್ದರು. ಹೋದ ವರ್ಷದ ಸಸಿಗಳು ಒಣಗಿದ್ದವು. ಅದರ ಹಿಂದಿನ ವರ್ಷದವೂ ಅಷ್ಟೆ. ಹನ್ನೊಂದಕ್ಕೆ ತಪಾಸಣೆಯ ಸಾಹೇಬರು ಬರುವುದರೊಳಗೆ ಗುಡ್ಡ ಹಸಿರಾಗಬೇಕಿತ್ತು.

ಈ ಗುಡ್ಡದ ಮೇಲೆಯೇ ಹಿಂದೆ ಇವರ ಮನೆಗಳಿದ್ದವು. ಭೂಮಿ ಬಿಸಿಯಾಗುತ್ತಿದೆ, ಇಲ್ಲಿ ಕಾಡು ಬೆಳೆಸಬೇಕು, ನಿಮ್ಮ ಒಲೆ ಮತ್ತು ನಿಮ್ಮ ಆಡು ಎರಡೂ ಕಾಡಿಗೆ ಕೇಡು ಎಂದು ಕೆಳಗಿಳಿಸಿದರು. ಕಾಡು ಬೆಳೆಸುವ ಹೊಣೆ ಹೊತ್ತ ಕಾರ್ಖಾನೆಯ ಚಿಮಣಿ ಮಾತ್ರ ಎದುರಿಗೇ ಹೊಗೆ ಕಾರುತ್ತಿತ್ತು.

ಅವರಲ್ಲೊಬ್ಬ ಮುದುಕಿಯ ಪಕ್ಕದಲ್ಲಿ ತಲೆಗೆ ಬಟ್ಟೆ ಬಿಗಿದು ಮಣ್ಣು ತುಳಿಯುತ್ತಿದ್ದವಳು ಆ ಮುದುಕಿಯ ಅಣ್ಣನ ಮಗಳು. ಗುಡ್ಡದ ಜನರಲ್ಲಿ ಪತ್ರಿಕೆಗೆ ಬರೆಯುವವಳು ಅವಳೊಬ್ಬಳೇ. ಕೂಲಿಯವಳಾಗಿ ಸೇರಿ ಎರಡು ದಿನವಾಗಿತ್ತು.

"ಅತ್ತೆ, ಈ ಕೊಂಬೆ ವಿಷಯ ಒಂದು ಮಾತು ಹೇಳು. ಬರೀತೀನಿ."

"ಬರಿ ತಾಯಿ, ಬರಿ. ಹೋದ ಸಲ ನಿನ್ನ ಮಾವ ಹೇಳಿದ, ನೀನು ಬರೆದೆ. ಅವನ ಹೆಸರು ದಪ್ಪಕ್ಷರದಲ್ಲಿ ಬಂತು. ನಿನ್ನದು? 'ನಮ್ಮ ಪ್ರತಿನಿಧಿಯಿಂದ'! ಪೊಲೀಸ್ನೋರು ಯಾರನ್ನ ಎಳ್ಕೊಂಡು ಹೋದ್ರು, ಪ್ರತಿನಿಧೀನಾ?"

"ನನಗೆ ತೊಂದರೆ ಆಗ್ದಿರ್ಲಿ ಅಂತ ಸಂಪಾದಕರೇ ತೆಗೆದುಬಿಟ್ರು, ಅತ್ತೆ."

"ಒಳ್ಳೇ ಜನ. ಆಸ್ಪತ್ರೆಯಿಂದ ಅವನ ಹೆಣ ತರೋವಾಗ ಅವರೂ ಒಂದು ಹೆಗಲು ಕೊಡಬಹುದಿತ್ತು."

ದೇವರ ಮೇಲೆ ಅತ್ತೆಗೆ ಸಂಶಯವಿರಲಿಲ್ಲ. ಉಳಿದವರೆಲ್ಲರ ಮೇಲೂ ಇತ್ತು.

ಮೇಸ್ತ್ರಿ ಹತ್ತಿರ ಬಂದು ದನಿ ತಗ್ಗಿಸಿದ. "ಏ ಮುದುಕಿ, ನಿಮ್ಮ ನಡುವೆ ಪೇಪರ್‌ನವಳೊಬ್ಬಳು ಸೇರ್ಕೊಂಡಿದ್ದಾಳಂತೆ. ಯಾರು ಅಂತ ತೋರಿಸು. ನಾಳೆಯಿಂದ ನೆರಳಲ್ಲಿ ಕೂತು ನೀರು ಹಂಚೋ ಕೆಲಸ ನಿಂದೇ."

ಅತ್ತೆ ಹುಡುಗಿಯ ಅಂಗೈ ನೋಡಿದಳು. ಬೊಬ್ಬೆ ಎದ್ದು ಒಡೆದಿತ್ತು. ಎರಡು ದಿನದ ಬೊಬ್ಬೆಯನ್ನು ಎಷ್ಟೆಂದು ನಂಬುವುದು?

"ನನಗೆ ಓದೋಕೆ ಬರಲ್ಲಪ್ಪ. ಯಾವುದು ಪೇಪರ್ರು, ಯಾವುದು ಪೊರಕೆ, ನಾನೇನು ಬಲ್ಲೆ?"

ಹೆಂಗಸರು ಕಿಸಕ್ಕನೆ ನಕ್ಕರು. ಮೇಸ್ತ್ರಿ ಕೋಲಿನಿಂದ ಅತ್ತೆಯ ಬೆನ್ನಿಗೆ ತಿವಿದು ಹೋದ.

ಜೀಪುಗಳು ಬಂದವು. ಸಾಹೇಬರು ಕೆಳಗಿಳಿದು, ಕೊಡೆಯ ನೆರಳಲ್ಲಿ ನಿಂತು, "ಚೆನ್ನಾಗಿ ಬಂದಿದೆ. ಎಷ್ಟು ವರ್ಷದ್ದು?" ಎಂದರು.

"ಮೂರು ವರ್ಷದ್ದು ಸಾರ್" ಎಂದ ಮೇಸ್ತ್ರಿ.

ಹುಡುಗಿ ತಲೆಯ ಬಟ್ಟೆ ಬಿಚ್ಚಿ ಮುಂದೆ ಹೋದಳು. ಒಂದು ಕೊಂಬೆ ಹಿಡಿದು ಎಳೆದಳು. ಕಡಿದ ತುದಿ ಇನ್ನೂ ಬೆಳ್ಳಗಿತ್ತು. "ಇವತ್ತು ಬೆಳಗ್ಗೆದು ಸಾಹೇಬ್ರೇ. ನೆಟ್ಟವಳು ನಾನೇ." ಆಮೇಲೆ ತನ್ನ ಹೆಸರು, ತಂದೆಯ ಹೆಸರು, ತನ್ನ ಪತ್ರಿಕೆಯ ಹೆಸರು ಇಡೀ ಗುಡ್ಡಕ್ಕೆ ಕೇಳುವಂತೆ ಹೇಳಿದಳು. "ಬರ್ಕೊಳ್ಳಿ. ತಪ್ಪಿಲ್ಲದೆ ಬರ್ಕೊಳ್ಳಿ."

ಮೇಸ್ತ್ರಿ ಅವಳ ಜಡೆಗೆ ಕೈ ಹಾಕಿದ.

ಇಲ್ಲಿ ಕೂಗಿದ ಹೆಸರು ನಾಳೆ ಪತ್ರಿಕೆಯಲ್ಲಿ ಇರುತ್ತದೆಂದು ಯಾವ ನೆಚ್ಚಿಕೆ, ಎಂದುಕೊಂಡಳು ಅತ್ತೆ. ಹಾಗೆಂದುಕೊಳ್ಳುತ್ತಲೇ ಬಗ್ಗಿ, ಕಾಲ ಬಳಿಯ ಕೊಂಬೆ ಕಿತ್ತು ಪಕ್ಕಕ್ಕೆ ಹಾಕಿದಳು. ಮುಂದಿನದನ್ನೂ ಕಿತ್ತಳು.

"ಏನೇ ಮಾಡ್ತಿದ್ದೀಯ, ಬೋಳಿ?"

"ಸಾಹೇಬ್ರಿಗೆ ಕಾಡು ಎಣಿಸಿಕೊಡ್ತಿದ್ದೀನಿ."

ಏಳನೆಯ ಕೊಂಬೆಗೆ ಕೈ ಹಾಕಿದಾಗ ಮೇಲಿನ ಸಾಲಿನಲ್ಲಿ ಇನ್ನೊಬ್ಬಳು ಬಗ್ಗಿದಳು. ಕೀಳುವುದಕ್ಕೋ, ಮಣ್ಣು ಇನ್ನಷ್ಟು ಒತ್ತಿ ಗಟ್ಟಿಮಾಡುವುದಕ್ಕೋ, ಅತ್ತೆ ನಿಂತಲ್ಲಿಂದ ಕಾಣಲಿಲ್ಲ.